ಚೆನ್ನಾಗಿದ್ದೇನೆ ಅನ್ನುವ ನಂಬಿಕೆ ಅಲುಗಾಡಿದಾಗ

ಕ್ಯಾನ್ಸರ್ ಸ್ಕ್ರೀನಿಂಗ್‌ಗೆ ಹೋಗುವವರು ಕಾಯಿಲೆ ಬಿದ್ದು ಹೋಗುವವರಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ, ಆದರೂ ಮೊದಲು ಹೇಳಬೇಕು ಅನಿಸುತ್ತದೆ. ನೋವಿಲ್ಲ, ಗಂಟು ಕೈಗೆ ಸಿಕ್ಕಿಲ್ಲ, ರಕ್ತ ಹೋಗಿಲ್ಲ, ತೂಕ ಇಳಿದಿಲ್ಲ. ವಯಸ್ಸಾಯಿತು, ಒಮ್ಮೆ ಮಾಡಿಸಿಬಿಡೋಣ ಅಂತ ಹೋಗುತ್ತೇವೆ. ಏನೂ ಇಲ್ಲ ಅಂತ ಬರೆಸಿಕೊಂಡು ಬರುವುದಕ್ಕೇ ಹೋಗುತ್ತೇವೆ, ಅಲ್ವಾ? ಹಾಗಾಗಿ ರಿಪೋರ್ಟ್‌ನಲ್ಲಿ ಬೇರೇನೋ ಬಂದಾಗ ಬೀಳುವ ಪೆಟ್ಟೇ ಬೇರೆ ತರಹದ್ದು. ತಿಂಗಳುಗಟ್ಟಲೆ ನೋವು ತಿಂದು ಡಾಕ್ಟರ ಹತ್ತಿರ ಹೋದವರಿಗೆ ಕೊನೆಗೂ ಕಾರಣ ಸಿಕ್ಕಿತು ಅಂತಾದರೂ ಇರುತ್ತದೆ. ಇಲ್ಲಿ ಅದೂ ಇಲ್ಲ. ನಿನ್ನೆ ಇದ್ದ ಮೈಯೇ ಇವತ್ತೂ ಇದೆ. ಆದರೆ ಅದು ಹೇಳುವುದನ್ನು ನಂಬಬಹುದಾ ಅನ್ನುವ ಅನುಮಾನ ಹುಟ್ಟಿಬಿಟ್ಟಿದೆ.

ನನ್ನ ಪಾಲಿಗೆ ಅದು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಆದ ಮೇಲೆ ಬಂದ ಒಂದು ಫೋನ್ ಕರೆ. "ಇನ್ನೊಂದು ಸಲ ಬರಬೇಕಾಗುತ್ತೆ ಮೇಡಂ, ಎಡಗಡೆ ಮತ್ತೆ ಚಿತ್ರ ತೆಗೀಬೇಕಂತೆ, ಜೊತೆಗೆ ಅಲ್ಟ್ರಾಸೌಂಡ್" ಅಂದರು. ಯಾಕೆ ಅಂತ ಕೇಳಿದೆ. "ಅದನ್ನ ಡಾಕ್ಟರೇ ಹೇಳ್ತಾರೆ" ಅಂದರು. ಫೋನ್ ಮಾಡಿದ ಹುಡುಗಿಗೆ ಅದಕ್ಕಿಂತ ಜಾಸ್ತಿ ಗೊತ್ತಿರಲಿಕ್ಕೂ ಇಲ್ಲ. ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಫೋನ್ ಇಟ್ಟ ಸ್ವಲ್ಪ ಹೊತ್ತಿಗೆಲ್ಲ ಎಡಗಡೆ ನೋಯಲು ಶುರುವಾಯಿತು. ಅಲ್ಲಿಯವರೆಗೆ ಒಂದು ದಿನವೂ ನೋಯದ ಜಾಗ ಅದು. ಸುಳ್ಳು ನೋವು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಇಡೀ ಗಮನ ಮೈಯ ಒಂದೇ ಕಡೆ ಹೋಗಿ ಕೂತರೆ, ಅಲ್ಲಿ ಮೊದಲಿಂದಲೂ ಆಗಾಗ ಆಗುತ್ತಿದ್ದ ಸಣ್ಣಪುಟ್ಟ ಸೆಳೆತ, ಬಿಗಿತ ಎಲ್ಲ ಎದ್ದು ಕಾಣುತ್ತವೆ. ಸ್ನಾನ ಮಾಡುವಾಗ ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಏನೋ ಸಿಕ್ಕಿತು ಅನಿಸುತ್ತಿತ್ತು. ಮತ್ತೆ ಮುಟ್ಟಿದರೆ ಇಲ್ಲ. ಬಲಗಡೆಯೂ ಹಾಗೇ ಇದೆಯಾ ಅಂತ ನೋಡುವುದು. ಹಾಗೇ ಇದ್ದರೆ ಒಂದು ಗಳಿಗೆ ಸಮಾಧಾನ. ಮರುಗಳಿಗೆಗೆ, ಹಾಗಾದರೆ ಎರಡೂ ಕಡೆ ಇದೆಯೇನೋ ಅನ್ನುವ ದಿಗಿಲು.

ಆಮೇಲೆ ತಿಳಿದುಕೊಂಡ ಕೆಲವು ವಿಷಯಗಳನ್ನು ಇಲ್ಲಿ ಹೇಳುತ್ತೇನೆ. ಮ್ಯಾಮೊಗ್ರಾಂ ರಿಪೋರ್ಟ್‌ನಲ್ಲಿ ಬೈ-ರಾಡ್ಸ್ ಅಂತ ಒಂದು ಅಂಕಿ ಇರುತ್ತದೆ, 0 ಯಿಂದ 6 ರವರೆಗೆ. ಅದು ಎಷ್ಟು ಅನುಮಾನ ಇದೆ ಅನ್ನುವುದರ ಲೆಕ್ಕ. ಕ್ಯಾನ್ಸರ್ ಎಷ್ಟು ಹರಡಿದೆ ಅನ್ನುವ ಸ್ಟೇಜ್‌ಗೂ ಇದಕ್ಕೂ ಸಂಬಂಧವಿಲ್ಲ. ತುಂಬಾ ಜನ ಎರಡನ್ನೂ ಒಂದೇ ಅಂದುಕೊಂಡು, 4 ಅಂತ ಬರೆದದ್ದನ್ನು ನಾಲ್ಕನೇ ಸ್ಟೇಜ್ ಅಂತ ಓದಿ ಕುಸಿದುಹೋಗುತ್ತಾರೆ. 0 ಅಂದರೆ ಈ ಚಿತ್ರಗಳು ಸಾಲುತ್ತಿಲ್ಲ, ಇನ್ನಷ್ಟು ಬೇಕು ಅಂತ. ಅಮೆರಿಕದ ಲೆಕ್ಕದಲ್ಲಿ ಸ್ಕ್ರೀನಿಂಗ್ ಮ್ಯಾಮೊಗ್ರಾಂ ಮಾಡಿಸಿಕೊಂಡ 100 ಹೆಂಗಸರಲ್ಲಿ ಸುಮಾರು 10 ಜನರನ್ನು ಹೀಗೆ ಮತ್ತೆ ಕರೆಯುತ್ತಾರೆ. ಹಾಗೆ ಕರೆಸಿಕೊಂಡ 10 ಜನರಲ್ಲಿ ಕ್ಯಾನ್ಸರ್ ಸಿಗುವುದು ಒಬ್ಬರಿಗಿಂತ ಕಡಿಮೆ. ವರ್ಷ ವರ್ಷ ಮಾಡಿಸಿಕೊಳ್ಳುತ್ತಾ ಹೋದರೆ 10 ವರ್ಷದಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ಒಮ್ಮೆಯಾದರೂ ಇಂಥ ಕರೆ ಬಂದು, ಕೊನೆಗೆ ಏನೂ ಇಲ್ಲ ಅಂತ ಆಗುತ್ತದೆ.

ಅರ್ಧದಷ್ಟು ಜನ! ಇಷ್ಟು ಮಾಮೂಲಾದ ಸಂಗತಿಯನ್ನು ಮ್ಯಾಮೊಗ್ರಾಂ ಮಾಡುವ ಮೊದಲೇ ಯಾಕೆ ಹೇಳುವುದಿಲ್ಲ? ನನಗೆ ಯಾರೂ ಹೇಳಿರಲಿಲ್ಲ. "ಕೆಲವು ಸಲ ಮತ್ತೆ ಕರೀತೀವಿ, ಹತ್ತರಲ್ಲಿ ಒಂಬತ್ತು ಸಲ ಅದು ಕ್ಯಾನ್ಸರ್ ಆಗಿರಲ್ಲ" ಅಂತ ಹೇಳಲು ಅರ್ಧ ನಿಮಿಷ ಸಾಕು. ಮೊದಲೇ ಕೇಳಿದ್ದರೆ ಹೆದರಿಕೆ ಪೂರ್ತಿ ಹೋಗುತ್ತಿತ್ತು ಅಂತಲ್ಲ. ಆದರೆ ಭಯ ಬಿದ್ದ ಮೇಲೆ ಕೇಳುವ ಅಂಕಿ ಕೆಲಸ ಮಾಡುವುದಿಲ್ಲ. ಆಗ ಎಲ್ಲರೂ ತಾನೇ ಆ ಹತ್ತನೆಯವಳು ಅಂದುಕೊಂಡಿರುತ್ತಾರೆ.

ರಾತ್ರಿಗಳ ಬಗ್ಗೆ ಹೇಳಬೇಕು. ಹಗಲು ಹೇಗೋ ಕಳೆಯುತ್ತದೆ, ಕೈಗೆ ಕೆಲಸ ಇರುತ್ತದೆ. ರಾತ್ರಿ ಮನಸ್ಸು ನೇರವಾಗಿ ಕೊನೆಗೇ ಹೋಗುತ್ತದೆ. ಇನ್ನೊಂದು ಚಿತ್ರ, ಅಲ್ಟ್ರಾಸೌಂಡ್, ಬೇಕಾದರೆ ಚೂರು ತೆಗೆದು ಪರೀಕ್ಷೆ ಮಾಡುವ ಬಯಾಪ್ಸಿ, ಅದರ ಫಲಿತಾಂಶ ಅಂತ ಒಂದೊಂದೇ ಮೆಟ್ಟಿಲು ಹತ್ತುವುದಿಲ್ಲ. ನಾನು ಸತ್ತ ಮೇಲೆ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ, ಬ್ಯಾಂಕಿನ ಪಾಸ್‌ವರ್ಡ್ ಇವರಿಗೆ ಗೊತ್ತಿದೆಯಾ, ಇಂಥವೇ ಯೋಚನೆ. ವಿಚಿತ್ರ ಅಂದರೆ ಆ ಹೊತ್ತಲ್ಲಿ ಅಳು ಬರುತ್ತಿರಲಿಲ್ಲ. ತುಂಬಾ ಚುರುಕಾಗಿ ಲೆಕ್ಕ ಹಾಕುತ್ತಿದ್ದೆ. ಅಳು ಬಂದದ್ದು ಒಂದು ಬೆಳಿಗ್ಗೆ, ಮಗಳು ಮುಂದಿನ ವರ್ಷದ ಏನೋ ಒಂದು ವಿಷಯ ಹೇಳುತ್ತಿದ್ದಾಗ. ಮುಂದಿನ ವರ್ಷ ಅಂತ ಅವಳು ಎಷ್ಟು ಸಲೀಸಾಗಿ ಅಂದುಬಿಟ್ಟಳು.

ಮನೆಯವರ ಮಾತುಗಳೂ ಬೇರೆ ಬೇರೆ ತರಹ ತಟ್ಟುತ್ತವೆ. ನಮ್ಮ ಮನೆಯವರು "ಏನೂ ಇರಲ್ಲ ಬಿಡೇ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದರು. ಅವರಿಗೂ ಭಯವಿತ್ತು. ಆ ಮಾತನ್ನು ಅವರು ನನಗಿಂತ ಜಾಸ್ತಿ ತಮಗೇ ಹೇಳಿಕೊಳ್ಳುತ್ತಿದ್ದರು. ಇದು ನನಗೆ ಅರ್ಥವಾಗುತ್ತಿತ್ತು. ಆದರೆ ಆ ಮಾತು ಕೇಳಿದ ಮೇಲೆ ನಾನು ಮುಂದೆ ಏನು ಹೇಳಲಿ? ಏನೂ ಇರಲ್ಲ ಅಂತ ತೀರ್ಮಾನ ಆದ ಮೇಲೆ ಹೆದರಿಕೆಯನ್ನು ಹೇಳಿಕೊಳ್ಳಲು ಜಾಗವೇ ಉಳಿಯಲಿಲ್ಲ. ಅಕ್ಕ ಮಾತ್ರ ಬೇರೆ ಕೇಳಿದಳು: "ಯಾವತ್ತು ಹೋಗ್ಬೇಕು? ಎಷ್ಟು ಗಂಟೆಗೆ? ನಾನು ಬರ್ತೀನಿ." ಇರುತ್ತೋ ಇಲ್ಲವೋ ಅನ್ನುವ ಮಾತೇ ಅವಳು ಎತ್ತಲಿಲ್ಲ. ಆವತ್ತು ನನಗೆ ಚೆನ್ನಾಗಿ ನಿದ್ದೆ ಬಂತು. ಭರವಸೆ ಕೊಡಬೇಕು ಅಂತ ಒದ್ದಾಡುವವರಿಗೆ ನಾನು ಹೇಳುವುದು ಇದೇ: ಕೊಡಲು ನಿಮ್ಮ ಹತ್ತಿರ ಭರವಸೆ ಇಲ್ಲ, ಅದು ಲ್ಯಾಬ್‌ನಲ್ಲಿದೆ. ನೀವು ಕೊಡಬಹುದಾದದ್ದು ನಿಮ್ಮ ಸಮಯ.

ಕಾಯುವುದು ಸುಮ್ನೆ ಕೂರುವುದಲ್ಲ, ಮೈ ಅದಕ್ಕೆ ಬೆಲೆ ತೆರುತ್ತದೆ. 2009ರಲ್ಲಿ ರೇಡಿಯಾಲಜಿ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಸ್ತನದ ಬಯಾಪ್ಸಿ ಮಾಡಿಸಿಕೊಂಡ ಹೆಂಗಸರನ್ನು ಗಮನಿಸಿತ್ತು. ಐದನೇ ದಿನಕ್ಕೂ ಕೆಲವರಿಗೆ ಫಲಿತಾಂಶ ಗೊತ್ತಾಗಿರಲಿಲ್ಲ. ಅವರ ಎಂಜಲಿನಲ್ಲಿ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನಿನ ಏರಿಳಿತ ನೋಡಿದರೆ, ಅದು ಕ್ಯಾನ್ಸರ್ ಇದೆ ಅಂತ ಗೊತ್ತಾದವರ ತರಹವೇ ಇತ್ತು. ಅಂದರೆ ಗೊತ್ತಿಲ್ಲದೆ ಕಾಯುವವಳ ಮೈ, ಇದೆ ಅಂತ ಕೇಳಿಸಿಕೊಂಡವಳ ಮೈಯಷ್ಟೇ ಕಷ್ಟಪಡುತ್ತಿತ್ತು. ಫಲಿತಾಂಶ ತಡವಾದರೆ ಏನಾಯ್ತು, ಕ್ಯಾನ್ಸರ್ ನಾಲ್ಕು ದಿನದಲ್ಲಿ ಬೆಳೆದುಬಿಡುತ್ತಾ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರ ಇಲ್ಲ.

ನನ್ನ ಕಥೆ ಸ್ತನದ್ದು. ಬೇರೆ ಪರೀಕ್ಷೆಗಳು ಬೇರೆ ತರಹ ನೋಯಿಸುತ್ತವೆ. ಅದರಲ್ಲೂ ಗರ್ಭಕಂಠದ ಸ್ಕ್ರೀನಿಂಗ್‌ನಲ್ಲಿ ಎಚ್‌ಪಿವಿ ಅನ್ನುವ ವೈರಸ್ ಇದೆ ಅಂತ ಬಂದವರ ಸಂಕಟ ಬಹಳ ಕಡಿಮೆ ಮಾತಾಡಿದ ಸಂಕಟ. ಗರ್ಭಕಂಠದ ಕ್ಯಾನ್ಸರ್‌ಗೆ ಈ ವೈರಸ್ ಕಾರಣ ಅಂತ ತೋರಿಸಿಕೊಟ್ಟವರು ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್, ಅದಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಬಂತು. 16 ಮತ್ತು 18 ಅನ್ನುವ ಎರಡು ಬಗೆಗಳೇ ಸುಮಾರು 70 ಶೇಕಡಾ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ. ಈ ತಿಳಿವಳಿಕೆಯಿಂದ ಲಸಿಕೆ ಬಂತು, ಒಳ್ಳೆಯ ಪರೀಕ್ಷೆ ಬಂತು, ಎಷ್ಟೋ ಜೀವ ಉಳಿಯಿತು. ಆದರೆ ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ. ಆ ಒಂದು ಸಾಲು ಓದಿದ ಕೂಡಲೇ ಹೆಂಗಸಿನ ಮನಸ್ಸಿನಲ್ಲಿ ಕ್ಯಾನ್ಸರ್ ಹಿಂದಕ್ಕೆ ಹೋಗಿ ಬೇರೆಯೇ ಪ್ರಶ್ನೆಗಳು ಮುಂದೆ ಬರುತ್ತವೆ. ಯಾರಿಂದ ಬಂತು? ಯಾವಾಗ? ಗಂಡನಿಗೆ ಹೇಳಬೇಕಾ? ಹೇಳಿದರೆ ಅವರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೆ? ನಾನು ಅವರ ಬಗ್ಗೆ ಏನಂದುಕೊಳ್ಳಲಿ?

ಇದಕ್ಕೆ ಉತ್ತರ ಇದೆ. ಅದನ್ನು ರಿಪೋರ್ಟ್ ಜೊತೆಗೇ ಹೇಳಬೇಕು. ಲೈಂಗಿಕ ಸಂಪರ್ಕ ಇರುವ ಬಹುಪಾಲು ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿ ಬಂದು ಹೋಗಿರುತ್ತದೆ. ಒಬ್ಬರೇ ಸಂಗಾತಿ ಇದ್ದವರಿಗೂ ಬರಬಹುದು. ಅದು ಮೈಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಹಾಗಾಗಿ ಇವತ್ತು ಪರೀಕ್ಷೆಯಲ್ಲಿ ಕಂಡದ್ದು ಎಂದು ಬಂದದ್ದು, ಯಾರಿಂದ ಬಂದದ್ದು ಅಂತ ಹೇಳಲು ಆಗುವುದಿಲ್ಲ. ಯಾರ ನಡತೆಯ ಮೇಲೂ ಅದು ತೀರ್ಪು ಕೊಡುವುದಿಲ್ಲ. ಬಹುತೇಕ ಸಲ ಒಂದೆರಡು ವರ್ಷದೊಳಗೆ ಮೈಯೇ ಅದನ್ನು ಹೊರಹಾಕುತ್ತದೆ. ಇಷ್ಟು ಗೊತ್ತಿಲ್ಲದೆ ಒಬ್ಬಳೇ ಮುದುಡಿಕೊಂಡು ಕೂತ ಹೆಂಗಸರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಭಯವನ್ನಾದರೂ ಇನ್ನೊಬ್ಬರ ಜೊತೆ ಹಂಚಿಕೊಳ್ಳಬಹುದು. ನಾಚಿಕೆ ಸೇರಿಕೊಂಡರೆ ಅದೂ ಆಗುವುದಿಲ್ಲ.

ಅಲ್ಲಿ ಇನ್ನೊಂದು ಕಷ್ಟ ಇದೆ. ಕಾಲ್ಪೊಸ್ಕೋಪಿಯಲ್ಲಿ ಗರ್ಭಕಂಠವನ್ನು ದೊಡ್ಡದಾಗಿ ಕಾಣುವಂತೆ ಮಾಡಿ ನೋಡಿ, ಅನುಮಾನ ಇದ್ದಲ್ಲಿಂದ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಬದಲಾವಣೆ ತೀರಾ ಸಣ್ಣದು, ಅಂದರೆ ಸಿಐಎನ್ 1, ಅಂತ ಬಂದರೆ ಸಾಮಾನ್ಯವಾಗಿ ಡಾಕ್ಟರು ಏನೂ ಮಾಡುವುದಿಲ್ಲ. ಮತ್ತೆ ಬನ್ನಿ, ನೋಡೋಣ ಅನ್ನುತ್ತಾರೆ. ಅದು ಸರಿಯಾದ ವೈದ್ಯವೇ, ಯಾಕೆಂದರೆ ಅದರಲ್ಲಿ ಬಹಳಷ್ಟು ತಾನಾಗಿಯೇ ಹೋಗುತ್ತದೆ. ಆದರೆ ಕೇಳಿಸಿಕೊಂಡವಳಿಗೆ, ಏನೋ ಇದೆ, ಆದರೂ ತೆಗೆಯುತ್ತಿಲ್ಲ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತದೆ. ತೆಗೆದುಬಿಡಿ ಅಂತ ಬೇಡಿಕೊಳ್ಳುವವರಿದ್ದಾರೆ.

ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್‌ಗಾಗಿ ಮಾಡುವ ಪಿಎಸ್‌ಎ ಪರೀಕ್ಷೆಯಲ್ಲೂ ಇದೇ. ಬರೀ ಒಂದು ರಕ್ತ ಪರೀಕ್ಷೆ, ಒಂದು ಅಂಕಿ. ಒಂದು ಮಿಲಿಲೀಟರ್ ರಕ್ತಕ್ಕೆ 4 ನ್ಯಾನೋಗ್ರಾಂ ದಾಟಿದರೆ ಬಹಳ ಕಡೆ ಅನುಮಾನ ಶುರುವಾಗುತ್ತದೆ. ಪ್ರಾಸ್ಟೇಟ್ ವಯಸ್ಸಿಗೆ ಊದಿಕೊಂಡರೂ, ಸೋಂಕಾದರೂ ಆ ಅಂಕಿ ಏರುತ್ತದೆ. 4 ರಿಂದ 10 ರೊಳಗೆ ಇದ್ದು ಬಯಾಪ್ಸಿ ಮಾಡಿಸಿಕೊಂಡ ನಾಲ್ವರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಸಿಗುವುದಿಲ್ಲ. ಸಿಕ್ಕವರಲ್ಲೂ ಎಷ್ಟೋ ಜನಕ್ಕೆ ಅದು ನಿಧಾನವಾಗಿ ಬೆಳೆಯುವಂಥದ್ದು, ಚಿಕಿತ್ಸೆ ಮಾಡದೆ ಬರೀ ಗಮನಿಸುತ್ತಾ ಇರುವುದೇ ಒಳ್ಳೆಯದು. ಆಮೇಲೆ ಪ್ರತಿ ಕೆಲವು ತಿಂಗಳಿಗೊಮ್ಮೆ ಆ ಅಂಕಿಗಾಗಿ ಕಾಯುವುದು. ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಸಿಡುಕುತ್ತಾರೆ, ಮಾತು ಕಡಿಮೆ ಮಾಡುತ್ತಾರೆ. ಮನೆಯವರು ಕೆಲಸದ ಒತ್ತಡ ಅಂದುಕೊಳ್ಳುತ್ತಾರೆ.

ಶ್ವಾಸಕೋಶದ ಸ್ಕ್ರೀನಿಂಗ್ ಬಹಳ ವರ್ಷ ಸಿಗರೇಟು ಸೇದಿದವರಿಗೆ. ಅಮೆರಿಕದಲ್ಲಿ 53,000ಕ್ಕೂ ಜಾಸ್ತಿ ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಸಿಟಿ ಸ್ಕ್ಯಾನ್‌ನಲ್ಲಿ ಏನೋ ಕಂಡಿದೆ ಅಂತ ಬಂದ ಫಲಿತಾಂಶಗಳಲ್ಲಿ 96 ಶೇಕಡಾ ಕ್ಯಾನ್ಸರ್ ಆಗಿರಲಿಲ್ಲ. ಅದೇ ಪ್ರಯೋಗದಲ್ಲಿ, ಎದೆಯ ಎಕ್ಸ್-ರೇ ಮಾಡಿಸಿಕೊಂಡವರಿಗೆ ಹೋಲಿಸಿದರೆ, ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವುದು 20 ಶೇಕಡಾ ಕಡಿಮೆಯಾಯಿತು. ಈ ಎರಡನ್ನೂ ಒಟ್ಟಿಗೇ ಇಟ್ಟು ನೋಡಬೇಕು. ಜೀವ ಉಳಿಸುವ ಪರೀಕ್ಷೆಯೇ ಅಷ್ಟೊಂದು ಜನರನ್ನು ಹೆದರಿಸಿಯೂ ಇತ್ತು. ಅದರ ಮೇಲೆ, ಸೇದಿದ್ದು ನಾನೇ ಅಲ್ವಾ ಅನ್ನುವ ತಪ್ಪಿತಸ್ಥ ಭಾವ ಬೇರೆ.

ಈಗ, ಏನೂ ಇಲ್ಲ ಅಂತ ಹೇಳಿದ ಮೇಲಿನ ಮಾತು. ನಿಜವಾಗಿ ನಾನು ಬರೆಯಲು ಕೂತದ್ದು ಇದಕ್ಕೇ.

ನನಗೆ ಮತ್ತೆ ತೆಗೆದ ಚಿತ್ರಗಳಲ್ಲಿ ಬಂದದ್ದು ಬೈ-ರಾಡ್ಸ್ 3. ಅಂದರೆ ಬಹುಶಃ ತೊಂದರೆ ಇಲ್ಲದ್ದು, ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡು ಅಥವಾ ಅದಕ್ಕೂ ಕಡಿಮೆ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂತ. ಡಾಕ್ಟರು ಒಳ್ಳೆಯವರು, ಸಮಾಧಾನವಾಗಿ ಹೇಳಿದರು. ಅಕ್ಕ ಪಕ್ಕದಲ್ಲೇ ಇದ್ದಳು. ಎಲ್ಲರೂ ಉಸಿರು ಬಿಟ್ಟರು, ನಾನೂ ಬಿಟ್ಟೆ. ಮನೆಯಲ್ಲಿ ಆ ವಿಷಯ ಅಲ್ಲಿಗೆ ಮುಗಿಯಿತು. ನನ್ನೊಳಗೆ ಮುಗಿಯಲಿಲ್ಲ. ನೂರಕ್ಕೆ ತೊಂಬತ್ತೆಂಟು ಒಳ್ಳೆಯ ಸುದ್ದಿ ಅಂತ ನನಗೂ ಗೊತ್ತು. ಆದರೆ ಮುಂದಿನ ಆರು ತಿಂಗಳು ನಾನು ಆ ಎರಡರಲ್ಲೇ ಬದುಕಿದೆ. ಅದನ್ನು ಯಾರಿಗೂ ಹೇಳಲಾಗಲಿಲ್ಲ. ಹೇಳಿದರೆ, ಒಳ್ಳೆಯ ಸುದ್ದಿ ಬಂದ ಮೇಲೂ ಹೀಗಾ ಅಂತ ಕೇಳುತ್ತಾರೆ. ನಿಜಕ್ಕೂ ಕ್ಯಾನ್ಸರ್ ಬಂದವರನ್ನು ನೆನೆದರೆ ನನ್ನ ಭಯಕ್ಕೆ ಹಕ್ಕೇ ಇಲ್ಲ ಅಂತಲೂ ಅನಿಸುತ್ತಿತ್ತು.

ಆಮೇಲೆ ಡೆನ್ಮಾರ್ಕಿನ ಒಂದು ಅಧ್ಯಯನ ಓದಿದೆ, 2013ರದ್ದು. ಮ್ಯಾಮೊಗ್ರಾಂನಲ್ಲಿ ಏನೋ ಕಂಡ 454 ಹೆಂಗಸರನ್ನು ಮೂರು ವರ್ಷ ಹಿಂಬಾಲಿಸಿ ನೋಡಿದ್ದರು. ಕ್ಯಾನ್ಸರ್ ಇಲ್ಲ ಅಂತ ಖಚಿತವಾದವರು ಮೂರು ವರ್ಷ ಕಳೆದರೂ, ಮೊದಲ ಸಲವೇ ಸರಿ ಇದೆ ಅಂತ ಬಂದವರಷ್ಟು ನೆಮ್ಮದಿಯಾಗಿರಲಿಲ್ಲ. ನಿದ್ದೆ, ಆತಂಕ, ಹೀಗೆ ಕೇಳಿದ ಎಲ್ಲದರಲ್ಲೂ ವ್ಯತ್ಯಾಸ ಇತ್ತು. ಆರು ತಿಂಗಳ ಹೊತ್ತಿಗೆ ಕೇಳಿದಾಗ, ಒಳಗಿನ ಶಾಂತಿ ಕದಡಿದ್ದರಲ್ಲಿ, ಬದುಕನ್ನು ನೋಡುವ ರೀತಿ ಬದಲಾದದ್ದರಲ್ಲಿ ಇವರಿಗೂ ನಿಜವಾಗಿ ಕ್ಯಾನ್ಸರ್ ಬಂದವರಿಗೂ ವ್ಯತ್ಯಾಸವೇ ಇರಲಿಲ್ಲ. ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ನಾನೊಬ್ಬಳೇ ಅಲ್ಲ ಅಂತ ತಿಳಿದು ಹಗುರವಾಯಿತು. ಇಷ್ಟು ಜನ ಹೀಗೆ ಒಳಗೊಳಗೇ ಬದುಕುತ್ತಿದ್ದಾರಲ್ಲ ಅಂತ ಬೇಜಾರೂ ಆಯಿತು.

ಯಾಕೆ ಹೀಗಾಗುತ್ತದೆ? ನನಗೆ ಅನಿಸುವುದು ಇದು. ಸ್ಕ್ರೀನಿಂಗ್ ನಿಂತಿರುವುದೇ ಒಂದು ಮಾತಿನ ಮೇಲೆ: ನಿಮಗೆ ಏನೂ ಅನಿಸದಿದ್ದರೂ ಒಳಗೆ ಏನೋ ಇರಬಹುದು. ಸರಿ ಇದೆ ಅಂತ ರಿಪೋರ್ಟ್ ಬಂದವರಿಗೆ ಅದು ಬರೀ ಮಾತು. ಮತ್ತೆ ಕರೆಸಿಕೊಂಡವರು ಅದನ್ನು ಮೈಯಲ್ಲಿ ಅನುಭವಿಸಿರುತ್ತಾರೆ. ಆಮೇಲೆ ಏನೂ ಇಲ್ಲ ಅಂದರೂ, ಚೆನ್ನಾಗಿದ್ದೇನೆ ಅಂತ ಅನಿಸುವುದಕ್ಕೂ ಚೆನ್ನಾಗಿರುವುದಕ್ಕೂ ನಡುವೆ ಬಿರುಕು ಬಿದ್ದಾಗಿರುತ್ತದೆ. ಮೊದಲು ಆರೋಗ್ಯ ಅನ್ನುವುದು ಯೋಚಿಸದೆ ನಿಂತ ನೆಲದ ಹಾಗೆ ಇತ್ತು. ಈಗ ಆಗಾಗ ಕಾಲಿಟ್ಟು ಗಟ್ಟಿ ಇದೆಯಾ ಅಂತ ನೋಡುತ್ತೇನೆ. ಕ್ಯಾನ್ಸರ್ ಇಲ್ಲ ಅನ್ನುವ ರಿಪೋರ್ಟ್ ಕಾಯಿಲೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ. ಕಳೆದುಹೋದ ಆ ನಂಬಿಕೆಯನ್ನು ಅದು ತಂದುಕೊಡುವುದಿಲ್ಲ.

2024ರಲ್ಲಿ ಅಮೆರಿಕದಿಂದ ಇನ್ನೊಂದು ದೊಡ್ಡ ಅಧ್ಯಯನ ಬಂತು, ಹತ್ತು ಲಕ್ಷಕ್ಕೂ ಜಾಸ್ತಿ ಹೆಂಗಸರ ಲೆಕ್ಕ. ಮ್ಯಾಮೊಗ್ರಾಂ ಸರಿ ಇದೆ ಅಂತ ಬಂದವರಲ್ಲಿ 77 ಶೇಕಡಾ ಜನ ಮುಂದಿನ ಸ್ಕ್ರೀನಿಂಗ್‌ಗೆ ಬಂದಿದ್ದರು. ಅನುಮಾನ ಬಂದು, ಬಯಾಪ್ಸಿ ಆಗಿ, ಕ್ಯಾನ್ಸರ್ ಇಲ್ಲ ಅಂತ ಗೊತ್ತಾದವರಲ್ಲಿ 67. ಸ್ವಲ್ಪ ತಿಂಗಳು ಬಿಟ್ಟು ಮತ್ತೆ ನೋಡೋಣ ಅಂತ ಹೇಳಿಸಿಕೊಂಡವರಲ್ಲಿ 61 ಮಾತ್ರ. ಇದನ್ನು ಗಮನಿಸಬೇಕು. ಸೂಜಿ ಚುಚ್ಚಿಸಿಕೊಂಡವರಿಗಿಂತ ಕಾಯಲು ಹೇಳಿಸಿಕೊಂಡವರೇ ಜಾಸ್ತಿ ದೂರ ಸರಿದಿದ್ದಾರೆ. ಇದಕ್ಕೆ ಹಲವು ಕಾರಣ ಇರಬಹುದು, ಆದರೆ ನನಗೆ ಆಶ್ಚರ್ಯವಾಗಲಿಲ್ಲ. ಬಯಾಪ್ಸಿ ನೋಯಿಸಿದರೂ ಒಂದು ಉತ್ತರ ಕೊಡುತ್ತದೆ. ಆರು ತಿಂಗಳ ಕಾಯುವಿಕೆ ಪ್ರಶ್ನೆಯನ್ನು ಹಾಗೇ ಕೈಯಲ್ಲಿಟ್ಟು ಮನೆಗೆ ಕಳಿಸುತ್ತದೆ. ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸ್ಕ್ರೀನಿಂಗ್‌ಗೇ ಪೆಟ್ಟು ಅಂತ ಡಾಕ್ಟರುಗಳಿಗೆ ಹೇಳಲು ಈ ಅಂಕಿಗಳು ಸಾಕು.

ಹಾಗಂತ ರಿಪೋರ್ಟನ್ನು ಮುಚ್ಚಿಟ್ಟು, ಮೆಲ್ಲಗೆ ಹೇಳಿದರೆ ಒಳ್ಳೆಯದು ಅನ್ನುವವಳಲ್ಲ ನಾನು. ಅಮೆರಿಕದಲ್ಲಿ 2021ರಿಂದ ರಿಪೋರ್ಟ್ ಸಿದ್ಧವಾದ ಕೂಡಲೇ ರೋಗಿಗೆ ಆನ್‌ಲೈನ್‌ನಲ್ಲಿ ಕಾಣುವಂತೆ ಮಾಡಬೇಕು ಅನ್ನುವ ನಿಯಮ ಬಂದಿದೆ, ಡಾಕ್ಟರು ನೋಡುವ ಮೊದಲೇ ಆದರೂ ಸರಿ. ಹೀಗೆ ನೋಡಿದವರನ್ನು 2023ರಲ್ಲಿ ಕೇಳಿದಾಗ, ಸರಿಯಿಲ್ಲದ ಫಲಿತಾಂಶ ಬಂದವರಲ್ಲೂ 95 ಶೇಕಡಾಕ್ಕಿಂತ ಜಾಸ್ತಿ ಜನ ಹೀಗೇ ಕೂಡಲೇ ಸಿಗಲಿ ಅಂದರು. ಓದಿ ಆತಂಕ ಜಾಸ್ತಿಯಾದವರಿದ್ದರು, ಆದರೂ ಕಾಯುವುದು ಅವರಿಗೆ ಬೇಡವಾಗಿತ್ತು. ನನಗೂ ಅಷ್ಟೇ. ಬೇಗ ಕೊಡಿ, ಪೂರ್ತಿ ಕೊಡಿ. ಜೊತೆಗೆ ಅದನ್ನು ಓದಿ ಹೇಳುವ ಒಬ್ಬ ಮನುಷ್ಯರನ್ನೂ ಕೊಡಿ.

ಕೈಯಲ್ಲಿ ಇಂಥ ರಿಪೋರ್ಟ್ ಹಿಡಿದು ಇದನ್ನು ಓದುತ್ತಿರುವವರಿದ್ದರೆ, ದಯವಿಟ್ಟು ಮುಂದಿನ ಪರೀಕ್ಷೆಯನ್ನು ಬಿಡಬೇಡಿ. ಹೆದರಿ ಮುಂದೂಡುವುದು ಸಹಜ, ಆದರೆ ಮುಂದೂಡಿದಷ್ಟೂ ಕಾಯುವ ದಿನಗಳೇ ಬೆಳೆಯುತ್ತವೆ. ಮುಂದಿನ ಪರೀಕ್ಷೆ ಏನು, ಫಲಿತಾಂಶ ಯಾವ ದಿನ, ಯಾರು ತಿಳಿಸುತ್ತಾರೆ, ಆ ದಿನ ಬರದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ ಬರೆದುಕೊಳ್ಳಿ. ನನ್ನಂಥ ರಿಪೋರ್ಟ್ ಬಂದ ನೂರು ಜನರಲ್ಲಿ ಎಷ್ಟು ಜನಕ್ಕೆ ಕ್ಯಾನ್ಸರ್ ಇರುತ್ತೆ ಅಂತಲೂ ಕೇಳಿ. ಸಾಧ್ಯತೆ ಕಡಿಮೆ, ಸ್ವಲ್ಪ ಇದೆ ಅನ್ನುವ ಮಾತುಗಳನ್ನು ಭಯ ತನಗೆ ಬೇಕಾದ ಹಾಗೆ ಹಿಗ್ಗಿಸಿಕೊಳ್ಳುತ್ತದೆ. ಅಂಕಿಯನ್ನು ಅಷ್ಟು ಸುಲಭವಾಗಿ ಹಿಗ್ಗಿಸಲಾಗದು. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಯಾಕೆಂದರೆ ಆ ಕೋಣೆಯಲ್ಲಿ ಕೇಳಿದ್ದು ಅರ್ಧವೂ ನೆನಪಿರುವುದಿಲ್ಲ.

ಎಲ್ಲ ಸರಿ ಇದೆ ಅಂತ ಬಂದ ಮೇಲೂ ವಾರಗಟ್ಟಲೆ ನಿದ್ದೆ ಇಲ್ಲ, ಕೈ ಪದೇ ಪದೇ ಅಲ್ಲಿಗೇ ಹೋಗುತ್ತಿದೆ ಅಂದರೆ ಅದನ್ನೂ ಡಾಕ್ಟರಿಗೆ ಹೇಳಿ. ನಾನು ಎರಡನೇ ಫಾಲೋ ಅಪ್‌ನಲ್ಲಿ ಹೇಳಿದೆ, ಸ್ವಲ್ಪ ಸಂಕೋಚದಿಂದಲೇ. ಡಾಕ್ಟರು ಫೈಲಿನಿಂದ ತಲೆಯೆತ್ತಿ, ಎಷ್ಟು ದಿನದಿಂದ ಹೀಗಿದೆ, ಊಟ ಸೇರುತ್ತಾ, ಕೆಲಸ ಮಾಡಲು ಆಗುತ್ತಾ ಅಂತೆಲ್ಲ ಕೇಳಿದರು. ಆಮೇಲೆ ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ಅಲ್ಲಿ ಕೆಲವು ಸಲ ಹೋಗಿ ಮಾತಾಡಿದ ಮೇಲೆ ರಾತ್ರಿಗಳು ಸುಧಾರಿಸಿದವು. ಮ್ಯಾಮೊಗ್ರಾಂ ಹತ್ತಿರ ಬಂದಾಗ ಈಗಲೂ ಒಂದು ವಾರ ಮನಸ್ಸು ಕೆಡುತ್ತದೆ. ಆ ವಾರ ಹಾಗೇ ಇರುತ್ತದೆ ಅಂತ ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಡುತ್ತೇನೆ. ಇವರೂ ಈಗ ಏನೂ ಇರಲ್ಲ ಬಿಡು ಅನ್ನುವುದಿಲ್ಲ, ಎಷ್ಟು ಗಂಟೆಗೆ ಹೋಗೋದು ಅಂತ ಕೇಳುತ್ತಾರೆ.